ಆಡದವನ ಅಂಕ ಎಷ್ಟು?

ನಮ್ಮಪ್ಪ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ ಆಗಿದ್ರು. ಸಂಜೆ ಹೊತ್ತು ಅವರ ಪಕ್ಕ ಕೂತು ರಿಜಿಸ್ಟರ್ ತುಂಬೋ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬರ್ತಿತ್ತು. ಒಂದು ದಿನ ಒಬ್ಬರ ಮನೆಯ ಹಸು ಕರು ಹಾಕಿತ್ತು. ಗಿಣ್ಣುಹಾಲನ್ನ ಡೇರಿಗೆ ಹಾಕೋ ಹಾಗಿಲ್ಲ, ಹಾಗಾಗಿ ಅವರು ಬಂದಿರಲಿಲ್ಲ. ನಾನು ಲೀಟರ್ ಕಾಲಮ್ಮಿನಲ್ಲೂ ಸೊನ್ನೆ, ಫ್ಯಾಟ್ ಕಾಲಮ್ಮಿನಲ್ಲೂ ಸೊನ್ನೆ ಬರೆದೆ. ಅಪ್ಪ ಅದನ್ನ ಹೊಡೆದು ಹಾಕಿ ಒಂದು ಅಡ್ಡಗೆರೆ ಎಳೆದರು. "ಫ್ಯಾಟ್ ಸೊನ್ನೆ ಅಂದ್ರೆ ಬರೀ ನೀರು ತಂದಿದ್ದ ಅಂತ ಅರ್ಥ ಆಗುತ್ತೆ ಕಣೋ. ತರಲೇ ಇಲ್ಲ ಅಂದ್ರೆ ಗೆರೆ ಎಳಿಬೇಕು" ಅಂದ್ರು.

ಹೆಚ್ಚುಕಮ್ಮಿ ಇಪ್ಪತ್ತೈದು ವರ್ಷ ಆದಮೇಲೆ, ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೋಡ್ ಬರೆದೇ ಅನ್ನ ತಿನ್ನೋ ನಾನು, ಅದೇ ತಪ್ಪನ್ನ ಇನ್ನೊಂದು ರೀತಿಯಲ್ಲಿ ಮಾಡಿದೆ.

2024ರ ಡಿಸೆಂಬರ್‌ನಲ್ಲಿ ಗುಕೇಶ್ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮೂರಿನ ಹೈಸ್ಕೂಲಿನಲ್ಲೂ ಚೆಸ್ ಹುಚ್ಚು ಹತ್ತಿತು. ಮೇಷ್ಟ್ರು ಇಪ್ಪತ್ತೆರಡು ಮಕ್ಕಳಿಗೆ ಲಿಚೆಸ್ ತಾಣದಲ್ಲಿ ಖಾತೆ ಮಾಡಿಸಿದ್ರು. ಲಿಚೆಸ್ ಪೂರ್ತಿ ಉಚಿತ, ಜಾಹೀರಾತು ಇಲ್ಲ. 2010ರಲ್ಲಿ ಥಿಬೋ ಡುಪ್ಲೆಸಿ ಎಂಬ ಫ್ರಾನ್ಸಿನ ಪ್ರೋಗ್ರಾಮರ್ ಶುರು ಮಾಡಿದ್ದು, ಇವತ್ತಿಗೂ ದೇಣಿಗೆ ಮೇಲೇ ನಡೀತಿದೆ. ಯಾವ ಆಟಗಾರನ ಅಂಕಿಅಂಶ ಬೇಕಾದರೂ ನಮ್ಮ ಪ್ರೋಗ್ರಾಮಿನಿಂದ ಕೇಳಿ ತರಿಸಿಕೊಳ್ಳಬಹುದು. "ಯಾರು ಎಷ್ಟು ಚೆನ್ನಾಗಿ ಆಡ್ತಿದ್ದಾರೆ ಅಂತ ಒಂದು ಪಟ್ಟಿ ಮಾಡಿಕೊಡಪ್ಪ, ತಾಲ್ಲೂಕು ಮಟ್ಟಕ್ಕೆ ನಾಲ್ಕು ಜನರನ್ನ ಕಳಿಸಬೇಕು" ಅಂದ್ರು ಮೇಷ್ಟ್ರು. ಅವರಿಗೆ ಚೆಸ್ ಅಷ್ಟಾಗಿ ಬರಲ್ಲ, ಕಂಪ್ಯೂಟರ್ ಮೇಲೆ ಮಾತ್ರ ಅಪಾರ ನಂಬಿಕೆ.

ಒಂದು ಭಾನುವಾರದ ಕೆಲಸ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದ ಒಂದು ಪುಟ್ಟ ಲೈಬ್ರರಿ ತಗೊಂಡೆ. ಟೈಪ್ ಇರೋ ಲೈಬ್ರರಿ ಅಂದ್ರೆ ಅಚ್ಚು ಹಾಕಿಸಿದ ಅರ್ಜಿ ನಮೂನೆ ಇದ್ದ ಹಾಗೆ. ಇಲ್ಲಿ ಹೆಸರು, ಇಲ್ಲಿ ಅಂಕಿ, ಈ ಖಾನೆ ಖಾಲಿ ಇದ್ರೂ ನಡೆಯುತ್ತೆ ಅಂತ ಮೊದಲೇ ಗೆರೆ ಹಾಕಿರುತ್ತೆ. ಹೆಸರಿನ ಖಾನೆಯಿಂದ ಅಂಕಿ ಕಳೆಯೋಕೆ ಹೋದ್ರೆ ಪ್ರೋಗ್ರಾಂ ಓಡೋ ಮೊದಲೇ ಕಂಪೈಲರ್ ಕೆಂಪು ಗೆರೆ ಎಳೆದು ನಿಲ್ಲಿಸುತ್ತೆ. ನನ್ನ ಕೋಡಿಗೆ ಒಂದೂ ಕೆಂಪು ಗೆರೆ ಬರಲಿಲ್ಲ. ಇಪ್ಪತ್ತೆರಡು ಹೆಸರು ಕಳಿಸಿದೆ, ಇಪ್ಪತ್ತೆರಡು ಅಂಕ ಬಂತು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಷ್ಟ್ರಿಗೆ ಕಳಿಸಿದೆ. ಅವರು ಪ್ರಿಂಟ್ ತೆಗೆಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ರು.

ಮಾರನೇ ವಾರ ಊರಿಗೆ ಹೋದಾಗ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬಂದು ನಿಂತಳು. ಮುನ್ನೂರಕ್ಕೂ ಹೆಚ್ಚು ಆಟ ಆಡಿದ್ದವಳು, ಅವಳ ಅಂಕ 1287. ಪಟ್ಟಿಯಲ್ಲಿ ಅವಳದು ಎಂಟನೇ ಜಾಗ. ಮೇಲಿದ್ದ ಏಳು ಜನರಲ್ಲಿ ಆರು ಮಂದಿಗೆ ಸರಿಯಾಗಿ 1500. ಆ ಆರೂ ಜನ ಖಾತೆ ತೆರೆದು ಒಂದು ಆಟವನ್ನೂ ಆಡಿರಲಿಲ್ಲ! ತಾಲ್ಲೂಕಿಗೆ ಹೋಗೋ ನಾಲ್ಕೂ ಜನ ಅವರೊಳಗಿನವರೇ. ಅವಳು ಜಗಳ ಆಡಲಿಲ್ಲ. "ನಾನೂ ಆಡದೇ ಇದ್ದಿದ್ರೇ ಒಳ್ಳೇದಿತ್ತಲ್ವಣ್ಣ?" ಅಂತ ಮಾತ್ರ ಕೇಳಿದಳು.

ತಪ್ಪು ಲಿಚೆಸ್‌ದಲ್ಲ, ಲೈಬ್ರರಿಯದೂ ಅಲ್ಲ, ನನ್ನದು. ಯಾಕೆ ಹೀಗಾಯ್ತು ಅಂತ ಹುಡುಕ್ತಾ ಹೋದಾಗ ಎರಡು ಇತಿಹಾಸಗಳು ಸಿಕ್ಕವು. ಒಂದು ಆಟದ ಅಂಕದ್ದು, ಇನ್ನೊಂದು ಕೋಡಿನದು. ಎರಡೂ ಒಂದೇ ಪಾಠ ಕಲಿಯೋಕೆ ದಶಕಗಟ್ಟಲೆ ತಗೊಂಡಿವೆ.

ಮೊದಲು ಅಂಕದ ಕತೆ. ಚೆಸ್ ರೇಟಿಂಗನ್ನ ಎಲೋ ಅಂತೀವಲ್ಲ, ಅದನ್ನ ಯಾವುದೋ ಸಂಕ್ಷಿಪ್ತ ಪದ ಅಂದುಕೊಂಡವರೇ ಹೆಚ್ಚು. ಅದು ಒಬ್ಬ ಮನುಷ್ಯನ ಹೆಸರು. ಅರ್ಪಾದ್ ಎಲೋ 1903ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಅಮೆರಿಕಕ್ಕೆ ಹೋದವರು. ಮಿಲ್ವಾಕೀ ನಗರದ ಮಾರ್ಕೆಟ್ ಎಂಬ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಅವರ ಲೆಕ್ಕದ ತಿರುಳು ಸರಳ. ಇಬ್ಬರ ಅಂಕದ ವ್ಯತ್ಯಾಸ ನೋಡಿ ಯಾರು ಎಷ್ಟು ಗೆಲ್ಲಬೇಕು ಅಂತ ಮೊದಲೇ ಅಂದಾಜು ಮಾಡೋದು. ವ್ಯತ್ಯಾಸ 200 ಇದ್ರೆ ಬಲಶಾಲಿಗೆ ನೂರು ಆಟದಲ್ಲಿ ಸುಮಾರು 76 ಪಾಯಿಂಟ್ ಬರಬೇಕು. ಅದಕ್ಕಿಂತ ಚೆನ್ನಾಗಿ ಆಡಿದ್ರೆ ಅಂಕ ಏರುತ್ತೆ, ಕೆಟ್ಟದಾಗಿ ಆಡಿದ್ರೆ ಇಳಿಯುತ್ತೆ. ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆ ಫಿಡೆ 1970ರಲ್ಲಿ ಇದನ್ನ ಒಪ್ಪಿಕೊಂಡವು.

ಆದರೆ ಎಲೋ ಲೆಕ್ಕದಲ್ಲಿ ಒಬ್ಬ ಆಟಗಾರ ಅಂದ್ರೆ ಒಂದೇ ಒಂದು ಅಂಕಿ. ಐನೂರು ಆಟ ಆಡಿ ಗಳಿಸಿದ 1500 ಮತ್ತು ನಿನ್ನೆ ಬಂದವನ ಹೆಸರಿನ ಮುಂದೆ ಅಂದಾಜಿಗೆ ಬರೆದ 1500, ನೋಡೋಕೆ ಎರಡೂ ಒಂದೇ. 1995ರಲ್ಲಿ ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞ ಇದಕ್ಕೊಂದು ಮದ್ದು ಕೊಟ್ಟರು. ಅವರ ಗ್ಲಿಕೋ ಪದ್ಧತಿಯಲ್ಲಿ ಅಂಕದ ಪಕ್ಕ ಇನ್ನೊಂದು ಅಂಕಿ ಇರುತ್ತೆ, ಅದರ ಹೆಸರು ರೇಟಿಂಗ್ ಡೀವಿಯೇಶನ್, ಚಿಕ್ಕದಾಗಿ ಆರ್‌ಡಿ. ಈ ಅಂಕವನ್ನ ಎಷ್ಟರಮಟ್ಟಿಗೆ ನಂಬಬಹುದು ಅಂತ ಅದು ಹೇಳುತ್ತೆ. ಆಡಿದಷ್ಟೂ ಆರ್‌ಡಿ ಇಳಿಯುತ್ತೆ, ಆಟ ಬಿಟ್ಟು ಕೂತ್ರೆ ಮತ್ತೆ ಏರುತ್ತೆ. ಆರ್‌ಡಿಯ ಎರಡರಷ್ಟನ್ನ ಅಂಕಕ್ಕೆ ಕೂಡಿ, ಅಂಕದಿಂದ ಕಳೆದರೆ ಸಿಗೋ ಅಂತರದೊಳಗೆ ಆ ಆಟಗಾರನ ನಿಜವಾದ ಬಲ ಇರೋ ಸಾಧ್ಯತೆ ನೂರಕ್ಕೆ 95.

ಆನ್‌ಲೈನ್ ಚೆಸ್ ಕೂಡ ಅದೇ ಕಾಲದ ಕೂಸು. ಇಂಟರ್ನೆಟ್ ಚೆಸ್ ಸರ್ವರ್ ಶುರುವಾಗಿದ್ದು 1992ರಲ್ಲಿ. 1995ರಲ್ಲಿ ಅದು ದುಡ್ಡು ಕೊಟ್ಟು ಆಡೋ ಕ್ಲಬ್ ಆದಾಗ, ಒಪ್ಪದ ಕೆಲವರು ಸೇರಿ ಫಿಕ್ಸ್ ಎಂಬ ಉಚಿತ ಸರ್ವರ್ ಕಟ್ಟಿದರು. ಟೆಲ್‌ನೆಟ್ಟಿನ ಕಪ್ಪು ಪರದೆ, ಅಕ್ಷರಗಳಲ್ಲೇ ಮೂಡೋ ಚೆಸ್ ಮಣೆ. ಎದುರಾಳಿ ಎಂಥವನು ಅಂತ ತಿಳೀಬೇಕಾದ್ರೆ 'ಫಿಂಗರ್' ಅಂತ ಟೈಪ್ ಮಾಡಿ ಪಕ್ಕದಲ್ಲಿ ಅವನ ಹೆಸರು ಹಾಕಬೇಕಿತ್ತು. ಆಗ ಅವನ ಅಂಕ, ಆರ್‌ಡಿ, ಗೆಲುವು, ಸೋಲು, ಡ್ರಾ ಎಲ್ಲ ಕಾಲಮ್ಮುಗಳಲ್ಲಿ ಬರ್ತಿತ್ತು. ಪ್ರೋಗ್ರಾಮಿನಿಂದ ಇದನ್ನ ಓದಬೇಕಾದ್ರೆ ಸಾಲು ಒಡೆದು, ಇಷ್ಟನೇ ಪದ ಅಂಕ, ಇಷ್ಟನೇ ಪದ ಸೋಲು ಅಂತ ಎಣಿಸಬೇಕು. ಕಾಲಮ್ಮು ಆಚೀಚೆ ಆದ್ರೆ ಸೋಲಿನ ಸಂಖ್ಯೆ ಅಂಕದ ಜಾಗಕ್ಕೆ ಬಂದು ಕೂತರೂ ಎಚ್ಚರಿಸೋರು ಯಾರೂ ಇರಲಿಲ್ಲ.

ಇನ್ನು ಕೋಡಿನ ಕತೆ. 1957ರ ಫೋರ್ಟ್ರಾನ್‌ನಲ್ಲಿ ಹೆಸರಿನ ಮೊದಲಕ್ಷರ ಐ ಇಂದ ಎನ್ ಒಳಗಿದ್ರೆ ಅದು ಪೂರ್ಣಾಂಕ, ಬೇರೆ ಅಕ್ಷರ ಆದ್ರೆ ದಶಮಾಂಶ. ಟೈಪು ಅನ್ನೋದು ಅಷ್ಟು ಒರಟಾಗಿತ್ತು. 1965ರಲ್ಲಿ ಟೋನಿ ಹೋರ್ ಎಂಬ ಬ್ರಿಟನ್ನಿನ ವಿಜ್ಞಾನಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ 'ನಲ್' ಸೇರಿಸಿದರು. ಇಲ್ಲಿ ಏನೂ ಇಲ್ಲ ಅಂತ ಹೇಳೋ ಗುರುತು ಅದು. ಅಪ್ಪನ ಅಡ್ಡಗೆರೆಯ ಹಾಗೇ ಕಾಣುತ್ತೆ, ಆದರೆ ಒಂದು ಎಡವಟ್ಟಿತ್ತು. ಯಾವ ಖಾನೆಯಲ್ಲಿ ಗೆರೆ ಇರಬಹುದು, ಯಾವುದರಲ್ಲಿ ಇರಬಾರದು ಅಂತ ಕಂಪೈಲರಿಗೆ ಗೊತ್ತಾಗ್ತಿರಲಿಲ್ಲ. ಹಾಗಾಗಿ ಯಾವ ಖಾನೆ ಬೇಕಾದ್ರೂ ಯಾವಾಗ ಬೇಕಾದ್ರೂ ಕೈ ಕೊಡಬಹುದಿತ್ತು. ಆಮೇಲಿನ ದಶಕಗಳಲ್ಲಿ ಇದರಿಂದ ಕೆಟ್ಟು ನಿಂತ ಪ್ರೋಗ್ರಾಮುಗಳಿಗೆ ಲೆಕ್ಕವಿಲ್ಲ. 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಹೋರ್ ಅವರೇ ಇದನ್ನ ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂತ ಒಪ್ಪಿಕೊಂಡರು. ಅಷ್ಟು ದೊಡ್ಡ ಮನುಷ್ಯ ಎಲ್ಲರೆದುರು ನಿಂತು ತಪ್ಪು ನನ್ನದು ಅನ್ನೋದು ನಮ್ಮ ವೃತ್ತಿಯಲ್ಲಿ ಅಪರೂಪ.

ಜಾವಾಸ್ಕ್ರಿಪ್ಟ್ ಹುಟ್ಟಿದ್ದೂ 1995ರಲ್ಲೇ. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಕಟ್ಟಿದರು. ಅದರಲ್ಲಿ 'ಇಲ್ಲ' ಅನ್ನೋಕೆ ಒಂದಲ್ಲ, ಎರಡು ಗುರುತು: ನಲ್ ಮತ್ತು ಅನ್‌ಡಿಫೈನ್ಡ್. ಇಲ್ಲದ್ದಕ್ಕೆ ಒಂದನ್ನ ಕೂಡಿದ್ರೂ ನಿಲ್ಲಿಸದೇ ಏನೋ ಒಂದು ಉತ್ತರ ಕೊಡೋ ಭಾಷೆ ಅದು. ಅದಕ್ಕೆ ಶಿಸ್ತು ತರೋಕೆ ಮೈಕ್ರೋಸಾಫ್ಟ್ 2012ರ ಅಕ್ಟೋಬರಿನಲ್ಲಿ ಟೈಪ್‌ಸ್ಕ್ರಿಪ್ಟ್ ಬಿಡುಗಡೆ ಮಾಡಿತು. ಅದರ ಹಿಂದಿದ್ದವರು ಟರ್ಬೋ ಪ್ಯಾಸ್ಕಲ್, ಡೆಲ್ಫಿ, ಸಿ ಶಾರ್ಪ್‌ಗಳ ಆಂಡರ್ಸ್ ಹೇಲ್ಸ್‌ಬರ್ಗ್. ಆದರೂ 'ಇಲ್ಲ'ವನ್ನ ಬೇರೆಯದೇ ಬಗೆ ಅಂತ ಕಟ್ಟುನಿಟ್ಟಾಗಿ ನೋಡೋ ಆಯ್ಕೆ ಅದಕ್ಕೆ ಬಂದಿದ್ದು 2016ರ ಎರಡನೇ ಆವೃತ್ತಿಯಲ್ಲಿ. ಹೋರ್ ಅವರ ನಲ್ಲಿಗೆ ಅಷ್ಟೊತ್ತಿಗೆ ಐವತ್ತು ವರ್ಷ ದಾಟಿತ್ತು.

ಈಗ ನನ್ನ ಪಟ್ಟಿಗೆ ಬನ್ನಿ. ಲಿಚೆಸ್ ಬಳಸೋದು ಗ್ಲಿಕೋ-2, ಅಂದ್ರೆ ಗ್ಲಿಕೋದ ಮುಂದಿನ ರೂಪ. ಹೊಸಬರಿಗೆ ಅದು ಕೊಡೋ ಅಂಕ 1500, ಆರ್‌ಡಿ 500. ಲೆಕ್ಕ ಹಾಕಿ: ಈ ಹುಡುಗನ ಬಲ 500ರಿಂದ 2500ರ ನಡುವೆ ಎಲ್ಲಾದರೂ ಇರಬಹುದು. ಅಂದ್ರೆ 'ನಮಗೆ ಗೊತ್ತಿಲ್ಲ' ಅಂತಲೇ ಅರ್ಥ. ಆರ್‌ಡಿ 110ಕ್ಕಿಂತ ಹೆಚ್ಚಿದ್ರೆ ತಾಣದಲ್ಲಿ ಅಂಕದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರುತ್ತೆ. ಪ್ರೋಗ್ರಾಮಿಗೆ ಬರೋ ಉತ್ತರದಲ್ಲಿ 'ಪ್ರಾವ್' ಅನ್ನೋ ಖಾನೆ ಇರುತ್ತೆ, ಅಂದ್ರೆ ಇದು ತಾತ್ಕಾಲಿಕ. ಅಂಕ ಗಟ್ಟಿಯಾದ ಮೇಲೆ ಆ ಖಾನೆಯೇ ಬರಲ್ಲ. ಲೈಬ್ರರಿಯ ನಮೂನೆಯಲ್ಲೂ ಅದು ಸರಿಯಾಗೇ ಇತ್ತು. ನಾನು ಅದರ ಕಡೆ ಕಣ್ಣೇ ಹಾಯಿಸಿರಲಿಲ್ಲ.

ಹಾಗಾದ್ರೆ ಕಂಪೈಲರ್ ಯಾಕೆ ತಡೀಲಿಲ್ಲ? ತಡೆಯೋಕೆ ಕಾರಣವೇ ಇರಲಿಲ್ಲ. ಅಂಕದ ಖಾನೆಯಲ್ಲಿ ಅಂಕಿ ಇರಬೇಕು ಅಂದಿತ್ತು, ಅಂಕಿ ಇತ್ತು. ಅದು ಗಳಿಸಿದ್ದಾ, ಊಹಿಸಿದ್ದಾ ಅಂತ ಕೇಳೋದು ಅದರ ಕೆಲಸ ಅಲ್ಲ. ಖಾಲಿ ಖಾನೆಯನ್ನ ಟೈಪು ಹಿಡಿಯುತ್ತೆ, ಅಂದಾಜಿನಿಂದ ತುಂಬಿದ ಖಾನೆಯನ್ನ ಹಿಡಿಯೋಕಾಗಲ್ಲ. ಅದನ್ನ ನಾವೇ ಹೇಳಿಕೊಡಬೇಕು.

ಅವತ್ತು ರಾತ್ರಿ ಊರಲ್ಲೇ ಕೂತು ತಿದ್ದಿದೆ. ಆಟಗಾರನಿಗೆ ಮೂರು ಬಗೆ ಮಾಡಿದೆ: ಆಡಿಲ್ಲ, ಇನ್ನೂ ಗಟ್ಟಿಯಾಗಿಲ್ಲ, ಗಟ್ಟಿ. 'ಆಡಿಲ್ಲ' ಅನ್ನೋ ಬಗೆಯಲ್ಲಿ ಅಂಕ ಅನ್ನೋ ಖಾನೆಯನ್ನೇ ತೆಗೆದುಬಿಟ್ಟೆ. ತಕ್ಷಣ ನಾಲ್ಕು ಕಡೆ ಕೆಂಪು ಗೆರೆ. ಜೋಡಿಸೋ ಜಾಗದಲ್ಲಿ, ಮೊದಲ ನಾಲ್ವರನ್ನ ಆರಿಸೋ ಜಾಗದಲ್ಲಿ, ಅಚ್ಚು ಹಾಕೋ ಜಾಗದಲ್ಲಿ, ಕೊನೆಗೆ ತರಗತಿಯ ಸರಾಸರಿ ತೆಗೆಯೋ ಜಾಗದಲ್ಲಿ. ಸರಾಸರಿಯೂ ಕೆಟ್ಟಿತ್ತು ಅನ್ನೋದು ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ. ಇನ್ನೊಂದು ಮಾತು: ಟೈಪ್‌ಸ್ಕ್ರಿಪ್ಟಿನ ಟೈಪುಗಳು ಪ್ರೋಗ್ರಾಂ ಓಡುವಾಗ ಇರಲ್ಲ, ಅಳಿಸಿ ಹೋಗಿರುತ್ತವೆ. ಅದಕ್ಕೇ ನೆಟ್ಟಿನಿಂದ ಬಂದ ಮಾಹಿತಿಯನ್ನ ಒಳಗೆ ಬಿಡೋ ಮೊದಲು ಬಾಗಿಲಲ್ಲೇ ಪರೀಕ್ಷೆ ಮಾಡೋ ನಾಲ್ಕು ಸಾಲೂ ಸೇರಿಸಿದೆ.

ಬೆಳಿಗ್ಗೆ ಮೇಷ್ಟ್ರ ಹತ್ರ ಹೋಗಿ, ತಪ್ಪು ನಂದು ಸಾರ್ ಅಂತ ಹೇಳಿ ಹೊಸ ಪಟ್ಟಿ ಕೊಟ್ಟೆ. ಹೆಸರುಗಳು ತಾಲ್ಲೂಕಿಗೆ ಇನ್ನೂ ಹೋಗಿರಲಿಲ್ಲ, ನನ್ನ ಪುಣ್ಯ. ಹೊಸ ಪಟ್ಟಿಯಲ್ಲಿ ಆ ಹುಡುಗಿ ಎರಡನೆಯವಳು. ಕೊನೆಯ ಆರು ಹೆಸರುಗಳ ಮುಂದೆ ಅಂಕ ಇಲ್ಲ, ಅಡ್ಡಗೆರೆ.

ಹಳೇ ಪಟ್ಟಿಯಲ್ಲಿ ಮೊದಲಿದ್ದ ಹುಡುಗ ಓಡಿಬಂದ. "ಅಣ್ಣ, ನನ್ನ 1500 ಎಲ್ಲೋಯ್ತು?"

"ನಿಂದು ಇರಲೇ ಇಲ್ಲ ಕಣೋ. ಆಡು, ಬರುತ್ತೆ."

ಎರಡು ವಾರ ಬಿಟ್ಟು ನೋಡಿದೆ. ಅವನ ಹೆಸರಿನ ಮುಂದೆ 1090 ಇತ್ತು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ.