ಬೆಂಗೆಲ್ ಲೆಕ್ಕವೂ ಮಂಗಳೂರಿನ ಹಂಚೂ

ಯುಗಗಳು ಮರಳಿ ಮರಳಿ ಬರುವ ಕಾಲಗಣನೆಗೆ ಒಗ್ಗಿದವರಿಗೆ ಕ್ರೈಸ್ತರ ಕಾಲಕಲ್ಪನೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಸೃಷ್ಟಿಯಿಂದ ಹೊರಟ ಕಾಲವು ಕ್ರಿಸ್ತನ ಪುನರಾಗಮನ, ಸತ್ತವರ ಪುನರುತ್ಥಾನ ಮತ್ತು ನ್ಯಾಯತೀರ್ಪಿನಲ್ಲಿ ಒಮ್ಮೆಗೇ ಕೊನೆಗೊಳ್ಳುತ್ತದೆ ಎಂಬುದು ಆ ನಂಬಿಕೆಯ ಸಾರ. ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ‘ಪ್ರಕಟನೆ’ಯು ಈ ಅಂತ್ಯವನ್ನು ಮೃಗ, ಮುದ್ರೆ, ತುತೂರಿಗಳ ಸಾಂಕೇತಿಕ ಭಾಷೆಯಲ್ಲಿ ಹೇಳುತ್ತ, ಸೈತಾನನನ್ನು ಸಾವಿರ ವರ್ಷ ಬಂಧಿಸಿಡುವ ಒಂದು ಕಾಲವನ್ನೂ ಸೂಚಿಸುತ್ತದೆ. ಅಂತ್ಯದ ಮಾತು ಬಂದಲ್ಲೆಲ್ಲ ಅದರ ಬೆನ್ನಿಗೇ ಮನಸ್ಸು ತಿರುಗಿಸಿಕೊಳ್ಳಬೇಕೆಂಬ ಕರೆಯೂ ಬರುತ್ತದೆ. ಗ್ರೀಕಿನಲ್ಲಿ ‘ಮೆಟನೋಯಾ’ ಎನಿಸಿಕೊಳ್ಳುವ ಇದನ್ನು ಕನ್ನಡ ಕ್ರೈಸ್ತರು ‘ಪಶ್ಚಾತ್ತಾಪ’ ಎಂದೂ ‘ಮಾನಸಾಂತರ’ ಎಂದೂ ಕರೆಯುತ್ತ ಬಂದಿದ್ದಾರೆ. ಮೊದಲನೆಯದು ಕಳೆದುದಕ್ಕಾಗಿ ಪಡುವ ಮರುಕವನ್ನು ಹೇಳಿದರೆ ಎರಡನೆಯದು ಮನಸ್ಸೇ ಬೇರೆಯಾಗುವುದನ್ನು ಹೇಳುತ್ತದೆಯಾದ್ದರಿಂದ, ಮೂಲಕ್ಕೆ ಎರಡನೆಯದೇ ಹೆಚ್ಚು ಹತ್ತಿರ.

ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ಯಾರೂ ಅರಿಯರೆಂದು ಸುವಾರ್ತೆಗಳು ಸ್ಪಷ್ಟವಾಗಿ ಹೇಳಿದ್ದರೂ ಲೆಕ್ಕ ಹಾಕುವವರಿಗೆ ಯಾವ ಶತಮಾನದಲ್ಲೂ ಕೊರತೆಯಾಗಲಿಲ್ಲ. ಅವರಲ್ಲಿ ಅತ್ಯಂತ ವಿದ್ವತ್ಪೂರ್ಣರೆನ್ನಬಹುದಾದವರು ನೈಋತ್ಯ ಜರ್ಮನಿಯ ವ್ಯೂರ್ಟೆಂಬರ್ಗ್ ಸಂಸ್ಥಾನದ ಯೋಹಾನ್ ಆಲ್‌ಬ್ರೆಕ್ಟ್ ಬೆಂಗೆಲ್ (1687–1752). ಡೆಂಕೆನ್‌ಡಾರ್ಫಿನ ಮಠಶಾಲೆಯಲ್ಲಿ ಪಾಠ ಹೇಳುತ್ತಿದ್ದ ಇವರು ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ 1734ರಲ್ಲಿ ಪರಿಷ್ಕೃತ ಪಾಠವೊಂದನ್ನು ಹೊರತಂದರು. ಎರಡು ಪಾಠಾಂತರಗಳಲ್ಲಿ ಕ್ಲಿಷ್ಟವಾದುದೇ ಮೂಲಕ್ಕೆ ಸಮೀಪವಾಗಿರುವ ಸಂಭವ ಹೆಚ್ಚು, ಏಕೆಂದರೆ ಲಿಪಿಕಾರನು ಕಷ್ಟವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವನ್ನು ಕಷ್ಟ ಮಾಡುವುದಿಲ್ಲ ಎಂಬ ಅವರ ಸೂತ್ರ ಇಂದಿಗೂ ಗ್ರಂಥಸಂಪಾದನೆಯಲ್ಲಿ ಚಲಾವಣೆಯಲ್ಲಿದೆ. ಇಷ್ಟು ಎಚ್ಚರದ ಪಂಡಿತರಿಗೆ 1724ರ ಆಗಮನಕಾಲದ ಮೊದಲ ಭಾನುವಾರದ ಪ್ರಸಂಗವನ್ನು ಸಿದ್ಧಪಡಿಸುತ್ತಿದ್ದಾಗ ಮೃಗದ ಸಂಖ್ಯೆಯಾದ 666 ಎಂಬುದು ವರ್ಷಗಳ ಸಂಖ್ಯೆಯೆಂದು ಹೊಳೆಯಿತು. ಮೃಗಕ್ಕೆ ಅಧಿಕಾರವಿರುವ 42 ತಿಂಗಳು ಎಂದರೆ 666 ವರ್ಷ, ಹಾಗಾದರೆ ಪ್ರವಾದನೆಯ ಒಂದು ತಿಂಗಳಿಗೆ ಸುಮಾರು 15 ವರ್ಷ 10 ತಿಂಗಳು, ಎಂದು ಭಾಗಿಸುತ್ತ ಗುಣಿಸುತ್ತ ಹೋದ ಅವರ ಗಣಿತ ಕೊನೆಗೆ ಬಂದು ನಿಂತದ್ದು 1836ರ ಜೂನ್ 18ಕ್ಕೆ. ಅಂದು ಮೃಗ ಸೋಲುತ್ತದೆ, ಸಾವಿರ ವರ್ಷದ ಕಾಲ ಆರಂಭವಾಗುತ್ತದೆ. ಲೋಕದ ಕೊನೆ ಮಾತ್ರ 3836ಕ್ಕೆ. 1836ನೆಯ ವರ್ಷ ಗಮನಾರ್ಹವಾದುದೇನೂ ನಡೆಯದೆ ಕಳೆದುಹೋದರೆ ತಮ್ಮ ಪದ್ಧತಿಯ ಬುಡದಲ್ಲೇ ದೋಷವಿದೆಯೆಂದು ತಿಳಿಯಬೇಕೆಂದೂ ಅವರು ಹೇಳಿಟ್ಟಿದ್ದರು. ಸುಳ್ಳಾಗುವ ಸಾಧ್ಯತೆಯನ್ನು ತಾವೇ ಬರೆದಿಟ್ಟುಹೋದ ಭವಿಷ್ಯಗಣಕರು ಅಪರೂಪ.

ಲೆಕ್ಕ ಕಾಗದದಲ್ಲೇ ಉಳಿಯಲಿಲ್ಲ. ಅದೇ ಸಂಸ್ಥಾನದ ಪಾದ್ರಿಯೂ ಗಡಿಯಾರ, ತಕ್ಕಡಿ, ಲೆಕ್ಕಯಂತ್ರಗಳ ನಿಪುಣ ನಿರ್ಮಾತೃವೂ ಆಗಿದ್ದ ಫಿಲಿಪ್ ಮಥೇಯುಸ್ ಹಾನ್ (1739–1790) ಗ್ರಹಗಳ ಚಲನೆಯನ್ನು ತೋರಿಸುವ ಖಗೋಳಯಂತ್ರಗಳನ್ನು ರಚಿಸಿದಾಗ, ಬೆಂಗೆಲ್ ಕಾಲಗಣನೆಯಂತೆ ಲೋಕದ ಇಡೀ ಆಯುಸ್ಸನ್ನು ತೋರಿಸುವ ಮುಖಫಲಕವೊಂದನ್ನೂ ಅವುಗಳಲ್ಲಿ ಸೇರಿಸಿದರು. ಗಂಟೆಯ ಮುಳ್ಳು ದಿನಕ್ಕೆರಡು ಸಲ ಸುತ್ತುವಾಗ ಈ ಫಲಕದ ಮುಳ್ಳಿಗೆ ಒಂದೇ ಸುತ್ತು ಮುಗಿಸಲು ಏಳು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಅದು ಸರಿಯುವುದು ಯಾರ ಕಣ್ಣಿಗೂ ಕಾಣದು, ಆದರೂ ಹಲ್ಲುಚಕ್ರ ತಿರುಗುತ್ತಲೇ ಇರುತ್ತದೆ.

ಬೆಂಗೆಲ್, ಹಾನ್ ಇಬ್ಬರೂ ‘ಪಯಟಿಸಂ’ ಎಂಬ ಭಕ್ತಿಪಂಥಕ್ಕೆ ಸೇರಿದವರು. 1675ರಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಬರೆದ ಸಣ್ಣ ಗ್ರಂಥವೊಂದರಿಂದ ಬಲ ಪಡೆದ ಈ ಪಂಥವು, ಸರಿಯಾದ ಸಿದ್ಧಾಂತವನ್ನು ಒಪ್ಪಿದರೆ ಸಾಲದು, ಒಬ್ಬೊಬ್ಬನ ಹೃದಯವೂ ಮುರಿದು ಹೊಸತಾಗಬೇಕು ಎಂದು ವಾದಿಸಿತು. ಚರ್ಚಿನ ಆರಾಧನೆಯಲ್ಲದೆ ಮನೆಗಳಲ್ಲಿ ಕೂಡಿ ಬೈಬಲ್ ಓದುವ ಕೂಟಗಳಿಗೆ ‘ಷ್ಟುಂಡೆ’, ಅಂದರೆ ‘ಒಂದು ತಾಸು’, ಎಂಬ ಹೆಸರಿತ್ತು; ವ್ಯೂರ್ಟೆಂಬರ್ಗಿನಲ್ಲಿ 1743ರ ಆಜ್ಞೆಯಿಂದ ಇವಕ್ಕೆ ಅಧಿಕೃತ ಮನ್ನಣೆ ದೊರಕಿತು. ರೈತರೂ ನೇಕಾರರೂ ಪಾದ್ರಿಯ ಮುಖ ನೋಡದೆ ‘ಪ್ರಕಟನೆ’ಯ ಅರ್ಥವನ್ನು ಚರ್ಚಿಸುತ್ತಿದ್ದುದು ಇಂಥ ಕೂಟಗಳಲ್ಲೇ. ದಿನದ ಕೊನೆಗೆ ತಮ್ಮ ತಪ್ಪುಗಳನ್ನು ದಿನಚರಿಯಲ್ಲಿ ಬರೆದಿಡುವ ರೂಢಿಯೂ ಇವರಲ್ಲಿತ್ತು. ಹೀಗೆ ಲೋಕದ ಕೊನೆಯ ಲೆಕ್ಕ, ತನ್ನ ಮನಸ್ಸಿನ ಲೆಕ್ಕ ಎರಡೂ ಒಂದೇ ಮನೆಯಲ್ಲಿ ನಡೆಯುತ್ತಿದ್ದವು. ಮೊದಲನೆಯದು ತಪ್ಪಿದಾಗಲೂ ಎರಡನೆಯದು ನಿಲ್ಲಲಿಲ್ಲವೆಂಬುದರಲ್ಲೇ ಈ ಪಂಥದ ಬಾಳಿಕೆಯ ಗುಟ್ಟು ಇದ್ದಂತಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭ ಇವರಿಗೆ ಸಂಕೇತಗಳ ಸುಗ್ಗಿ. ನೆಪೋಲಿಯನ್ 1809ರಲ್ಲಿ ಪೋಪರನ್ನೇ ಸೆರೆಹಿಡಿದನು. ಅದೇ ವರ್ಷ ವ್ಯೂರ್ಟೆಂಬರ್ಗಿನಲ್ಲಿ ಜಾರಿಗೆ ಬಂದ ಹೊಸ ಆರಾಧನಾಕ್ರಮದಲ್ಲಿ ದೀಕ್ಷಾಸ್ನಾನದ ವೇಳೆ ಸೈತಾನನನ್ನು ನಿರಾಕರಿಸುವ ಮಾತೇ ಮಾಯವಾಗಿತ್ತು. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಧೂಳು ಮರುವರ್ಷದ ಬೇಸಿಗೆಯನ್ನೇ ನುಂಗಿದಾಗ ಬೆಳೆ ನೆಲಕಚ್ಚಿ ಕ್ಷಾಮ ಬಿತ್ತು. ಕಾರಣವು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿದೆಯೆಂದು ತಿಳಿಯದಿದ್ದ ಜನ ಅದನ್ನು ಅಂತ್ಯದ ಗುರುತೆಂದೇ ಓದಿದರು. ಕಡೆಯ ಸಂಕಟದ ದಿನಗಳಲ್ಲಿ ಆಶ್ರಯಸ್ಥಾನ ಪೂರ್ವದಲ್ಲಿದೆಯೆಂಬ ನಂಬಿಕೆಯೂ ಹಬ್ಬಿದ್ದರಿಂದ 1817ರಲ್ಲಿ ಸಾವಿರಾರು ಮಂದಿ ಊಲ್ಮ್‌ನಲ್ಲಿ ಹಲಗೆದೋಣಿ ಹತ್ತಿ ಡ್ಯಾನ್ಯೂಬ್ ನದಿಗುಂಟ ರಷ್ಯದತ್ತ ಹೊರಟರು. ಇಜ್ಮಾಯಿಲ್‌ನ ದಿಗ್ಬಂಧನದಲ್ಲಿ ಅನೇಕರು ಜ್ವರದಿಂದ ಸತ್ತರು, ಉಳಿದವರಲ್ಲಿ ಕೆಲವರು ಕಾಕಸಸ್ ತಲುಪಿ ಟಿಫ್ಲಿಸ್ ಸುತ್ತಮುತ್ತ ಹಳ್ಳಿ ಕಟ್ಟಿದರು. ದುಡಿಯುವ ಪ್ರಜೆಗಳು ಹೀಗೆ ಕೈತಪ್ಪುವುದನ್ನು ಕಂಡ ರಾಜ ವಿಲ್ಹೆಲ್ಮ್, ಗೋಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್ ಎಂಬ ಪೌರಾಧಿಕಾರಿಯ ಬಿನ್ನಹವನ್ನು ಮನ್ನಿಸಿ, 1819ರಲ್ಲಿ ಷ್ಟುಟ್‌ಗಾರ್ಟ್ ಬಳಿಯ ಕಾರ್ನ್‌ಟಾಲ್‌ನಲ್ಲಿ ಭಕ್ತರದೇ ಸ್ವತಂತ್ರ ಗ್ರಾಮಕ್ಕೆ ಅನುಮತಿ ಕೊಟ್ಟನು.

1836ರ ಜೂನ್ 18 ಬಂತು, ಹೋಯಿತು. ಪಂಥ ಒಡೆಯಲಿಲ್ಲ. ಸುವಾರ್ತೆಯು ಎಲ್ಲ ಜನಾಂಗಗಳಿಗೆ ಸಾರಲ್ಪಟ್ಟ ಮೇಲೆಯೇ ಅಂತ್ಯ ಬರುವುದೆಂಬ ಮತ್ತಾಯನ ಸುವಾರ್ತೆಯ ಮಾತು ಇವರ ಕೈಗೆ ಅಷ್ಟರಲ್ಲೇ ಬೇರೊಂದು ಕೆಲಸ ಕೊಟ್ಟಿತ್ತು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಮಿಷನ್ ಸಂಸ್ಥೆಗೆ ಅಭ್ಯರ್ಥಿಗಳು ಹೆಚ್ಚಾಗಿ ಬರುತ್ತಿದ್ದುದು ವ್ಯೂರ್ಟೆಂಬರ್ಗಿನಿಂದ. 1839ರಿಂದ 1850ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದವರು ಕಾರ್ನ್‌ಟಾಲ್ ಸ್ಥಾಪಕರ ಮಗ ವಿಲ್ಹೆಲ್ಮ್ ಹಾಫ್‌ಮನ್. ಅವರ ತಮ್ಮ ಕ್ರಿಸ್ಟೋಫ್ ಹಿಡಿದ ದಾರಿ ಬೇರೆ: ಪುನರಾಗಮನಕ್ಕೆ ಸಿದ್ಧರಾಗಲು ಪವಿತ್ರಭೂಮಿಗೇ ಹೋಗಬೇಕೆಂದು ‘ಟೆಂಪಲ್ ಸೊಸೈಟಿ’ ಕಟ್ಟಿ 1868ರಲ್ಲಿ ಹೈಫಾದಲ್ಲಿ ಇಳಿದರು. ಬಾಸೆಲ್ ಸೇರಬಯಸುವ ಯುವಕನಾದರೋ ತನ್ನ ಮಾನಸಾಂತರ ಎಂದು, ಹೇಗೆ ಆಯಿತೆಂಬ ಜೀವನವೃತ್ತಾಂತವನ್ನು ಬರೆದೊಪ್ಪಿಸಬೇಕಿತ್ತು.

ಬ್ರಿಟಿಷೇತರ ಮಿಷನರಿಗಳಿಗೆ 1833ರ ಸನ್ನದಿನಿಂದ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶದ ಬಾಗಿಲು ತೆರೆದ ಕೂಡಲೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು 1834ರ ಅಕ್ಟೋಬರಿನಲ್ಲಿ ಮಂಗಳೂರು ತಲುಪಿದರು. ಮುಂದೆ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಬಂದದ್ದು, ಕಾಕತಾಳೀಯವಾಗಿ, 1836ರಲ್ಲೇ. ಈ ಮಿಷನರಿಗಳು ಕನ್ನಡಕ್ಕೆ ತಂದ ಪುಸ್ತಕಗಳಲ್ಲಿ ತಾರೀಖು ಹಾಕಿದ ಅಂತ್ಯಕ್ಕಿಂತ ಮಾನಸಾಂತರಕ್ಕೇ ಹೆಚ್ಚು ಜಾಗ. ಬವೇರಿಯದ ಯೋಹಾನೆಸ್ ಗೋಸ್ನರ್ 1812ರಲ್ಲಿ ಪ್ರಕಟಿಸಿದ, ಕನ್ನಡದಲ್ಲಿ ‘ಹೃದಯ ದರ್ಪಣ’ವೆಂದು ಹೆಸರಾದ ಚಿತ್ರಪುಸ್ತಕವನ್ನೇ ನೋಡಬಹುದು. ಮೊದಲ ಚಿತ್ರದಲ್ಲಿ ದೊಡ್ಡದೊಂದು ಹೃದಯ, ಅದರೊಳಗೆ ಗರ್ವದ ನವಿಲು, ಕಾಮದ ಹೋತ, ಹೊಟ್ಟೆಬಾಕತನದ ಹಂದಿ, ಸೋಮಾರಿತನದ ಆಮೆ, ಅಸೂಯೆಯ ಹಾವು, ಜಿಪುಣತನದ ಕಪ್ಪೆ, ಸಿಟ್ಟಿನ ವ್ಯಾಘ್ರ, ನಡುವೆ ಸೈತಾನ. ಪಶ್ಚಾತ್ತಾಪ ಮೂಡಿದಂತೆ ಇವೆಲ್ಲ ಹೊರಬೀಳುತ್ತವೆ, ಎಚ್ಚರ ತಪ್ಪಿದರೆ ಮತ್ತೆ ಒಳನುಗ್ಗುತ್ತವೆ. ಅರಿಷಡ್ವರ್ಗವನ್ನು ಬಲ್ಲ ನಾಡಿಗೆ ಈ ಏಳು ಪ್ರಾಣಿಗಳ ಪರಿಚಯ ಮಾಡಿಕೊಡುವುದು ಕಷ್ಟವಾಗಿರಲಾರದು.

ಕಷ್ಟವಾದದ್ದು ಅದರ ನಂತರದ ಬದುಕು. ದೀಕ್ಷಾಸ್ನಾನ ಪಡೆದವನಿಗೆ ಜಾತಿ ಹೋಗುತ್ತಿತ್ತು, ಅದರೊಂದಿಗೆ ಮನೆ, ಗೇಣಿ, ಕಸುಬುಗಳೂ ಎಷ್ಟೋ ಸಲ ಹೋಗುತ್ತಿದ್ದವು. ಬಿಲ್ಲವರಲ್ಲಿ ಮತಾಂತರವಾದವರು ಶೇಂದಿ ಇಳಿಸುವ ಕಸುಬಿಗೆ ಮರಳುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಸಭೆಯ ಶಿಸ್ತು ಮುರಿದವರನ್ನು ಪಶ್ಚಾತ್ತಾಪ ತೋರುವವರೆಗೆ ಕರ್ತನ ರಾತ್ರಿಭೋಜನದಿಂದ ದೂರವಿಡುವ ಪದ್ಧತಿಯೂ ಇತ್ತಾದರೂ, ಹಸಿದವನಿಗೆ ಶಿಸ್ತಿಗಿಂತ ಮೊದಲು ಕೂಲಿ ಬೇಕಿತ್ತು. ಮನಸ್ಸು ಬದಲಿಸಿದವನಿಗೆ ಕೆಲಸ ಒದಗಿಸುವ ಹೊಣೆ ಹೀಗೆ ಮಿಷನ್ನಿನ ತಲೆಗೇ ಬಂದು, ನೇಯ್ಗೆಯ ಮಗ್ಗಗಳು ಮೊದಲಾದವು. 1865ರಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿ ದಡದ ಜೇಡಿಮಣ್ಣಿನಿಂದ ಹಂಚಿನ ಕಾರ್ಖಾನೆ ಆರಂಭಿಸಿದರು. ಲೋಕ ಬೇಗ ಮುಗಿಯುವುದೆಂದು ನಂಬಿದ್ದವರ ಮೊಮ್ಮಕ್ಕಳ ಕಾಲಕ್ಕೆ, ನೂರು ಮಳೆಗಾಲ ತಡೆಯುವ ಮಾಡು ಅವರ ಮುಖ್ಯ ಸರಕಾಗಿತ್ತು. ಕರಾವಳಿಯ ಹಳೆಯ ಮನೆ ಕೆಡವುವಾಗ ಇಳಿಸಿದ ಹಂಚನ್ನು ಮಗುಚಿ ನೋಡಿದರೆ, ಕೆಂಪು ಮಣ್ಣಿನಲ್ಲಿ ಒತ್ತಿದ ಬಾಸೆಲ್ ಮಿಷನ್ನಿನ ಹೆಸರು ಈಗಲೂ ಕೆಲವೊಮ್ಮೆ ಸಿಗುತ್ತದೆ.