ವಿಂಡೋಸ್: ಅಪ್‌ಡೇಟ್ ವೈಫಲ್ಯ ಮತ್ತು ಮರುಕಳಿಸುವ ಕ್ರ್ಯಾಶ್

ಮೈಕ್ರೋಸಾಫ್ಟ್‌ನ ವಿಂಡೋಸ್‌ಗೆ ಬಂದ ಅಪ್‌ಡೇಟ್ ಅರ್ಧಕ್ಕೆ ನಿಂತರೆ, ಅಥವಾ ರೀಸ್ಟಾರ್ಟ್ ಆಗುವಾಗ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳಿದರೆ ಅದು ಅಪ್‌ಡೇಟ್ ವೈಫಲ್ಯ. ವ್ಯವಸ್ಥೆಯ ತಿರುಳಾದ ಕರ್ನಲ್, ಇನ್ನು ಮುಂದುವರಿದರೆ ಮಾಹಿತಿ ಕೆಡುತ್ತದೆಂದು ಕಂಡಾಗ ಬೇಕೆಂದೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನೀಲಿ ಪರದೆಯ ಕ್ರ್ಯಾಶ್ ಎಂದರೆ ಇದು. ಎರಡೂ ಜೊತೆಜೊತೆಗೆ ಕಾಣಿಸಿಕೊಳ್ಳುವುದರಿಂದ ‘ಅಪ್‌ಡೇಟ್ ಹಾಕಿದ ಮೇಲೆ ಸಿಸ್ಟಂ ಕೆಟ್ಟಿತು’ ಎನ್ನುವ ದೂರು ಎಲ್ಲೆಡೆ ಕೇಳಿಬರುತ್ತದೆ. ಕೆಲವೊಮ್ಮೆ ಅದು ನಿಜ. ಆದರೆ ಮೊದಲೇ ಕೆಟ್ಟಿದ್ದ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಸೋತಿರುವುದೂ ಉಂಟು. ಯಾವುದು ಮೊದಲು ಕೆಟ್ಟಿತೆಂದು ಗೊತ್ತಾಗದೆ ರಿಪೇರಿಗೆ ಕೈಹಾಕುವುದು ವ್ಯರ್ಥ.

ಅಪ್‌ಡೇಟ್‌ನ ಕಡತಗಳು ಮೊದಲು ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿಗೆ ಇಳಿಯುತ್ತವೆ. ಡಿಜಿಟಲ್ ಸಹಿಯ ಪರಿಶೀಲನೆ ಮುಗಿದ ಮೇಲೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಭಂಡಾರಕ್ಕೆ ಸೇರುತ್ತವೆ. ಬಳಕೆಯಲ್ಲಿರುವ ಕಡತಗಳನ್ನು ರೀಸ್ಟಾರ್ಟ್ ಸಮಯದಲ್ಲಿ ಬದಲಿಸಲಾಗುತ್ತದೆ. ಇಷ್ಟರಲ್ಲಿ ಡಿಸ್ಕಿನ ಮೇಲೆ ಓದು–ಬರಹದ ಭಾರ ಜೋರಾಗಿ ಬಿದ್ದಿರುತ್ತದೆ. ದಿನನಿತ್ಯದ ಕೆಲಸದಲ್ಲಿ ಯಾರೂ ಮುಟ್ಟದ ಕೆಟ್ಟ ಸೆಕ್ಟರ್, ಸಡಿಲವಾದ ರ‍್ಯಾಮ್, ಸವೆದ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಎಲ್ಲವೂ ಸಿಕ್ಕಿಬೀಳುವುದು ಆಗಲೇ. ತಿಂಗಳುಗಟ್ಟಲೆ ಆಫ್ ಆಗದ ಕಚೇರಿಯ ಕಂಪ್ಯೂಟರಿಗೆ ಅಪ್‌ಡೇಟ್‌ನ ನೆಪದಲ್ಲಿ ಆಗುವ ರೀಸ್ಟಾರ್ಟೇ ಮೊದಲ ಪರೀಕ್ಷೆಯಾಗಿರುತ್ತದೆ.

ಪ್ರತಿ ವೈಫಲ್ಯಕ್ಕೂ ಒಂದು ದೋಷಸಂಖ್ಯೆ ಇರುತ್ತದೆ. 80070070 ಬಂದರೆ ಡಿಸ್ಕಿನಲ್ಲಿ ಜಾಗವಿಲ್ಲ. 80073712 ಬಂದರೆ ವಿನ್‌ಎಸ್‌ಎಕ್ಸ್‌ಎಸ್ ಭಂಡಾರವೇ ಕೆಟ್ಟಿದೆ. ದೊಡ್ಡ ಆವೃತ್ತಿ ಹಾಕುವಾಗ ಸಿ1900101ರಿಂದ ಶುರುವಾಗುವ ಸಂಖ್ಯೆ ಕಂಡರೆ ಮೊದಲು ಡ್ರೈವರ್‌ಗಳ ಮೇಲೆ ಅನುಮಾನಪಡಬೇಕು. ಆದರೆ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2024ರ ಜನವರಿ 9ರಂದು ಬಿಡುಗಡೆಯಾದ ಕೆಬಿ5034441 ಅದಕ್ಕೆ ಒಳ್ಳೆಯ ಉದಾಹರಣೆ. ಬಿಟ್‌ಲಾಕರ್ ಗೂಢಲಿಪಿಯನ್ನು ತಪ್ಪಿಸಿ ಒಳನುಗ್ಗಬಹುದಾಗಿದ್ದ ದೋಷವನ್ನು ವಿಂಡೋಸ್ 10ರಲ್ಲಿ ಮುಚ್ಚಲು ಬಂದ ಈ ಅಪ್‌ಡೇಟ್‌ಗೆ ಡಿಸ್ಕಿನ ಪ್ರತ್ಯೇಕ ಭಾಗವಾದ ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಅಷ್ಟು ಜಾಗವಿಲ್ಲದ ಕಂಪ್ಯೂಟರುಗಳು ಅದನ್ನು ಹೇಳದೆ, 80070643 ಎಂಬ ‘ಇನ್‌ಸ್ಟಾಲ್ ವಿಫಲ’ ಸಂಖ್ಯೆಯನ್ನಷ್ಟೇ ತೋರಿಸಿದವು. ಸಿ ಡ್ರೈವಿನಲ್ಲಿ ನೂರಾರು ಜಿಬಿ ಖಾಲಿ ಇದ್ದವರಿಗೂ ಇದೇ ಉತ್ತರ ಸಿಕ್ಕಿತು. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರವೆಂದರೆ ಕಮಾಂಡ್‌ಗಳ ಮೂಲಕ ಪಾರ್ಟಿಷನ್ನನ್ನು ಕೈಯಾರೆ ಹಿಗ್ಗಿಸುವುದು. ಸಾಮಾನ್ಯ ಬಳಕೆದಾರನಿಂದ ನಿರೀಕ್ಷಿಸುವ ಕೆಲಸ ಅದಲ್ಲ.

ಕ್ರ್ಯಾಶ್‌ನಲ್ಲಿ ಒಂದು ಸಲದ ಸಂಕೇತಕ್ಕಿಂತ ಅದು ಮರುಕಳಿಸುವ ರೀತಿಯೇ ಹೆಚ್ಚು ಹೇಳುತ್ತದೆ. ವಿಂಡೋಸ್ ತನ್ನ ಕೊನೆಯ ಕ್ಷಣದ ದಾಖಲೆಯನ್ನು ಮಿನಿಡಂಪ್ ಫೋಲ್ಡರಿನಲ್ಲಿ ಬಿಟ್ಟಿರುತ್ತದೆ. ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ತಂತ್ರಾಂಶದಲ್ಲಿ ಅದನ್ನು ತೆರೆದು ಓದಬಹುದು. ಪ್ರತಿ ಸಲವೂ ಒಂದೇ ಡ್ರೈವರಿನ ಹೆಸರು ಬಂದರೆ ಅದನ್ನು ಬದಲಿಸಿ ನೋಡಬೇಕು. ಪ್ರತಿ ಸಲ ಬೇರೆ ಬೇರೆ ಸಂಕೇತ, ಬೇರೆ ಬೇರೆ ಕಡತ ಬಂದರೆ ರ‍್ಯಾಮ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಾ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ನೀಲಿ ಪರದೆಯೂ ಇಲ್ಲ, ಡಂಪೂ ಇಲ್ಲ, ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ ಕರ್ನಲ್–ಪವರ್ 41 ಎಂಬ ನಮೂದು ಮಾತ್ರ ಇದೆ ಎಂದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಎಂದಷ್ಟೇ ಅರ್ಥ. ಎಸ್‌ಎಂಪಿಎಸ್, ಯುಪಿಎಸ್, ದೂಳು ತುಂಬಿದ ಫ್ಯಾನ್ ಇವುಗಳನ್ನು ನೋಡದೆ ವಿಂಡೋಸನ್ನು ಹೊಸದಾಗಿ ಹಾಕಿ ಪ್ರಯೋಜನವಿಲ್ಲ.

ವಿಂಡೋಸ್‌ನದೇ ಅಲ್ಲದ ಅಪ್‌ಡೇಟ್ ಕೂಡ ವಿಂಡೋಸನ್ನು ಉರುಳಿಸಬಲ್ಲದು. 2024ರ ಜುಲೈ 19ರ ಶುಕ್ರವಾರ, ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ, ಕ್ರೌಡ್‌ಸ್ಟ್ರೈಕ್ ಸಂಸ್ಥೆ ತನ್ನ ಫಾಲ್ಕನ್ ಭದ್ರತಾ ತಂತ್ರಾಂಶಕ್ಕೆ ಪುಟ್ಟ ಮಾಹಿತಿ ಕಡತವೊಂದನ್ನು ಕಳಿಸಿತು. 20 ಮೌಲ್ಯಗಳಷ್ಟೇ ಇದ್ದ ಕಡೆ ತಂತ್ರಾಂಶ 21ನೆಯದನ್ನು ಓದಲು ಹೋಯಿತು. ಓದಿದ್ದು ಕರ್ನಲ್‌ನೊಳಗೆ ಕೂತ ಡ್ರೈವರ್ ಆದ್ದರಿಂದ ಇಡೀ ಯಂತ್ರವೇ ನಿಂತಿತು. ರೀಸ್ಟಾರ್ಟ್ ಆದೊಡನೆ ಮತ್ತೆ ಅದೇ ಕಡತ, ಮತ್ತೆ ಕ್ರ್ಯಾಶ್. ಸಂಸ್ಥೆ 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಬಿದ್ದಿದ್ದವು. ಬೆಂಗಳೂರು ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್–ಇನ್ ಕೈಯಾರೆ ನಡೆಯಿತು; ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಸೇಫ್ ಮೋಡ್‌ಗೆ ಹೋಗಿ ಒಂದು ಕಡತ ಅಳಿಸಿದರೆ ಮುಗಿಯುವ ಕೆಲಸವಾದರೂ ಅದನ್ನು ಬಹುತೇಕ ಒಂದೊಂದೇ ಯಂತ್ರದ ಮುಂದೆ ಕೂತು ಮಾಡಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಇದ್ದಲ್ಲಿ 48 ಅಂಕಿಯ ರಿಕವರಿ ಕೀಲಿಯೂ ಬೇಕಿತ್ತು.

ಆದ್ದರಿಂದ ರಿಪೇರಿಗೆ ಮುಂಚೆ ಕಡತಗಳ ಬ್ಯಾಕಪ್ ಮತ್ತು ಆ ಕೀಲಿ ಎರಡೂ ಕೈಯಲ್ಲಿರಬೇಕು. 2018ರ ಅಕ್ಟೋಬರಿನ ವಿಂಡೋಸ್ 10 ಆವೃತ್ತಿ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆ ನಿಲ್ಲಿಸಿ, ನವೆಂಬರ್ 13ರಂದು ಅದನ್ನು ಮತ್ತೆ ಬಿಡುಗಡೆ ಮಾಡಬೇಕಾಯಿತು. ಬ್ಯಾಕಪ್ ಆದ ಮೇಲೆ ಡಿಸ್ಕಿನ ಆರೋಗ್ಯ ನೋಡಬೇಕು. ಡಿಸ್ಕ್ ಸರಿಯಿದ್ದರೆ ಮೊದಲು ಭಂಡಾರವನ್ನು ಸರಿಪಡಿಸುವ ಡಿಐಎಸ್‌ಎಂ ಕಮಾಂಡ್, ನಂತರ ಸಿಸ್ಟಂ ಕಡತಗಳನ್ನು ಸರಿಪಡಿಸುವ ಎಸ್‌ಎಫ್‌ಸಿ ಕಮಾಂಡ್ ಓಡಿಸಬೇಕು. ಎಸ್‌ಎಫ್‌ಸಿ ಕೆಟ್ಟ ಕಡತಕ್ಕೆ ಬದಲಿಯನ್ನು ತರುವುದು ವಿನ್‌ಎಸ್‌ಎಕ್ಸ್‌ಎಸ್‌ನಿಂದಲೇ. ಭಂಡಾರವನ್ನು ಡಿಐಎಸ್‌ಎಂ ಸರಿಪಡಿಸದಿದ್ದರೆ ಕೆಟ್ಟದ್ದರ ಜಾಗಕ್ಕೆ ಇನ್ನೊಂದು ಕೆಟ್ಟದ್ದೇ ಬರಬಹುದು. ಬೂಟ್ ಆಗದ ಯಂತ್ರದಲ್ಲಿ ರಿಕವರಿ ಪರಿಸರದಿಂದ ಇತ್ತೀಚಿನ ಅಪ್‌ಡೇಟನ್ನು ಕಿತ್ತುಹಾಕಬಹುದು. ಅದಕ್ಕೂ ಬಗ್ಗದಿದ್ದರೆ ಕಡತ, ಆ್ಯಪ್‌ಗಳನ್ನು ಹಾಗೇ ಉಳಿಸಿಕೊಂಡು ವಿಂಡೋಸ್ ಮೇಲೆಯೇ ವಿಂಡೋಸ್ ಹಾಕುವ ದಾರಿಯಿದೆ. ಅಂಗಡಿಯವರು ಸಾಮಾನ್ಯವಾಗಿ ಮೊದಲೇ ಸೂಚಿಸುವ ಫಾರ್ಮ್ಯಾಟ್ ಇದೆಲ್ಲದರ ನಂತರದ್ದು.

2025ರಲ್ಲಿ ವಿಂಡೋಸ್ 11ಕ್ಕೆ ಕ್ವಿಕ್ ಮೆಷಿನ್ ರಿಕವರಿ ಎಂಬ ಸೌಲಭ್ಯ ಸೇರಿತು. ಬೂಟ್ ಪದೇ ಪದೇ ವಿಫಲವಾದರೆ ಯಂತ್ರ ರಿಕವರಿ ಪರಿಸರದಿಂದಲೇ ಇಂಟರ್ನೆಟ್ ಸಂಪರ್ಕಿಸಿ, ಮೈಕ್ರೋಸಾಫ್ಟ್ ಒದಗಿಸಿದ ಪರಿಹಾರವಿದ್ದರೆ ತಾನೇ ತರಿಸಿಕೊಳ್ಳುತ್ತದೆ. ಅದೇ ವರ್ಷ ಕ್ರ್ಯಾಶ್ ಪರದೆಯ ಬಣ್ಣವೂ ನೀಲಿಯಿಂದ ಕಪ್ಪಿಗೆ ಬದಲಾಯಿತು.