ಹರಿಯದ ದ್ರವ್ಯ, ನೆರವಿನ ಅನಿಲ: ಟೆಫ್ಲಾನ್ ಸಂಸ್ಕರಣೆಯ ಚರಿತ್ರೆಯ ಒಂದು ಅಧ್ಯಾಯ

ಟೆಫ್ಲಾನಿನ ಹುಟ್ಟು ವಿಜ್ಞಾನಲೋಕದ ಐತಿಹ್ಯಗಳಲ್ಲೊಂದು. 1938ರ ಏಪ್ರಿಲ್ 6ರಂದು ನ್ಯೂಜೆರ್ಸಿಯ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಮತ್ತು ಸಹಾಯಕ ಜ್ಯಾಕ್ ರಿಬಾಕ್ ತೆರೆದ ಸಿಲಿಂಡರಿನಿಂದ ಅನಿಲ ಹೊರಬರಲಿಲ್ಲ. ಅದನ್ನು ಕೊಯ್ದು ನೋಡಿದಾಗ ದೊರೆತದ್ದು ಬಿಳಿಯ ಪುಡಿ. ಕಥನವು ಬಾಯಿಂದ ಬಾಯಿಗೆ ಸಾಗಿದಂತೆ ಸಹಾಯಕನ ಹೆಸರು ಮರೆಯಾಯಿತು. ಐತಿಹ್ಯವು ಒಬ್ಬ ನಾಯಕನನ್ನಷ್ಟೇ ಉಳಿಸಿಕೊಳ್ಳುತ್ತದೆ. ಆ ಪುಡಿಗೆ ಆಕಾರ ನೀಡಲು ನಡೆದ ದೀರ್ಘ ಹೆಣಗಾಟವೂ ಕಥನದಿಂದ ಹೊರಗುಳಿದಿದೆ.

ಟೆಫ್ಲಾನ್ 327 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿದರೂ ಹರಿಯುವುದಿಲ್ಲ. ಅತಿ ದೀರ್ಘವಾದ ಅಣುಸರಪಳಿಗಳಿಂದಾಗಿ ಅದು ಲೋಳೆಯಂತೆ ನಿಂತುಬಿಡುತ್ತದೆ. ಇತರ ಪ್ಲಾಸ್ಟಿಕ್ಕುಗಳಂತೆ ಅಚ್ಚಿಗೆ ಎರೆಯಲಾಗದೆ, ಪುಡಿಯನ್ನು ಒತ್ತಿ, ಕುಂಬಾರನು ಮಡಕೆ ಸುಡುವಂತೆ ಕಾಯಿಸಿ ಗಟ್ಟಿಗೊಳಿಸಬೇಕಾಯಿತು. ಕೊಳವೆ, ತಂತಿಹೊದಿಕೆಗಳಿಗಾಗಿ ಪುಡಿಗೆ ಪೆಟ್ರೋಲಿಯಂ ಎಣ್ಣೆ ಬೆರೆಸಿ ಹಿಂಡಿ, ಬಳಿಕ ಎಣ್ಣೆಯನ್ನು ಆವಿಯಾಗಿಸುವ ಕ್ರಮವೂ ರೂಢಿಗೆ ಬಂದಿತು.

ಈ ಹಠಮಾರಿ ದ್ರವ್ಯಕ್ಕೆ ನೆರವಾಗಬಲ್ಲ ಅನಿಲದ ಗುಣ ಬಹು ಹಿಂದೆಯೇ ತಿಳಿದಿತ್ತು. ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ 1869ರಲ್ಲಿ ಇಂಗಾಲದ ಡೈಆಕ್ಸೈಡಿನ ಕ್ರಾಂತಿಬಿಂದುವನ್ನು ವಿವರಿಸಿದ್ದರು. 31 ಡಿಗ್ರಿ ಉಷ್ಣತೆ, ಸುಮಾರು 73 ವಾಯುಭಾರ ಒತ್ತಡ ಮೀರಿದರೆ ದ್ರವ-ಅನಿಲಗಳ ಭೇದ ಅಳಿಯುತ್ತದೆ. ಅದು ಅನಿಲದಂತೆ ಒಳನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಓಝೋನ್ ಪದರಕ್ಕೆ ಹಾನಿಕರವಾದ ಕ್ಲೋರೋಫ್ಲೋರೋಕಾರ್ಬನ್ ದ್ರಾವಕಗಳು 1987ರ ಮಾಂಟ್ರಿಯಲ್ ಒಪ್ಪಂದದಿಂದ ತೆರೆಮರೆಗೆ ಸರಿಯತೊಡಗಿದಾಗ, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಜೋಸೆಫ್ ಡಿಸಿಮೋನ್ ತಂಡವು 1992ರಲ್ಲಿ ಇದೇ ಮಾಧ್ಯಮದಲ್ಲಿ ಫ್ಲೋರಿನ್‌ಯುಕ್ತ ಪಾಲಿಮರ್ ತಯಾರಿಸಿ ತೋರಿಸಿತು.

ತಯಾರಿಕೆಯ ನಂತರದ ಹಂತವೇ ಸಂಸ್ಕರಣೆ. ಒತ್ತಡದಲ್ಲಿ ಅನಿಲದ ಅಣುಗಳು ಸರಪಳಿಗಳ ನಡುವೆ ಸೇರಿ ಅವು ಜಾರುವಂತೆ ಮಾಡುತ್ತವೆ. ಪಾಕದ ಸ್ನಿಗ್ಧತೆ ತಗ್ಗುತ್ತದೆ. ಒತ್ತಡ ಇಳಿಸಿದರೆ ಅನಿಲ ಹೊರಟುಹೋಗುತ್ತದೆ, ಎಣ್ಣೆಯಂತೆ ಕಾಯಿಸಿ ತೆಗೆಯಬೇಕಿಲ್ಲ. ಥಟ್ಟನೆ ಇಳಿಸಿದರೆ ದ್ರವ್ಯ ನೊರೆಯಾಗುವುದೂ ಉಂಟು. 2000ದ ದಶಕದ ಆರಂಭದಲ್ಲಿ ಆಮ್ಹರ್ಸ್ಟಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂಡುಯಂತ್ರಕ್ಕೇ ಈ ಅನಿಲ ಹಾಯಿಸಿ, ಮಣಿಯದ ಪಾಲಿಮರ್‌ಗಳನ್ನು ಹೊರಡಿಸಲು ಯತ್ನಿಸಿದರು. ಆದರೆ ಟೆಫ್ಲಾನಿನ ಸ್ಫಟಿಕಭಾಗ ಅನಿಲಕ್ಕೆ ಸುಲಭವಾಗಿ ಎಡೆಗೊಡದು.

ಶುದ್ಧ ಮಾಧ್ಯಮದ ಈ ಹುಡುಕಾಟ ವಿದ್ವತ್ತಿನ ಕುತೂಹಲವಷ್ಟೇ ಆಗಿರಲಿಲ್ಲ. ನೀರಿನಲ್ಲಿ ಟೆಫ್ಲಾನ್ ತಯಾರಿಸುವ ಒಂದು ವಿಧಾನಕ್ಕೆ ಪರ್‌ಫ್ಲೋರೋಆಕ್ಟನಾಯಿಕ್ ಆಮ್ಲದ ಲವಣ ಬೇಕಾಗುತ್ತಿತ್ತು. ಇಂಗಾಲದ ಡೈಆಕ್ಸೈಡ್ ಆಧಾರಿತ ಘಟಕವನ್ನು ಉತ್ತರ ಕೆರೊಲಿನಾದಲ್ಲಿ ಕಟ್ಟುವುದಾಗಿ ಡ್ಯೂಪಾಂಟ್ 1999ರಲ್ಲಿ ಪ್ರಕಟಿಸಿತು. ಅದೇ ರಾಜ್ಯದ ಫಯೆಟ್‌ವಿಲ್ ಕಾರ್ಖಾನೆಯಲ್ಲಿ 2002ರಲ್ಲಿ ಈ ಆಮ್ಲದ ತಯಾರಿಕೆಯನ್ನೂ ಆರಂಭಿಸಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರಲ್ಲಿ ಈ ಆಮ್ಲವನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.